ತಪ್ಪು ಮತದಾರನದ್ದೋ, ಕಾಗದದ್ದೋ?

2020ರ ಡಿಸೆಂಬರ್ 30. ಗ್ರಾಮ ಪಂಚಾಯ್ತಿ ಚುನಾವಣೆಯ ಮತ ಎಣಿಕೆ. ನಮ್ಮ ಚಿಕ್ಕಪ್ಪ ಸದಸ್ಯ ಸ್ಥಾನಕ್ಕೆ ನಿಂತಿದ್ದರು. ಅವರ ಏಜೆಂಟ್ ಅಂತ ತಾಲ್ಲೂಕು ಕೇಂದ್ರದ ಕಾಲೇಜೊಂದರ ಹಾಲ್‌ನಲ್ಲಿ ನಾನು ಬೆಳಿಗ್ಗೆಯಿಂದ ಕೂತಿದ್ದೆ. ಕೊರೊನಾ ಕಾಲ, ಎಲ್ಲರ ಮುಖಕ್ಕೂ ಮಾಸ್ಕು. ಮೇಜಿನ ಮೇಲೆ ಮತಪತ್ರ ಸುರಿದು, ಒಂದೊಂದೇ ಬಿಡಿಸಿ, ಚಿಹ್ನೆ ನೋಡಿ ಬೇರೆ ಮಾಡುತ್ತಿದ್ದರು.

ನಡುವೆ ಒಂದು ಮತಪತ್ರಕ್ಕೆ ಕೆಲಸ ನಿಂತಿತು. ಚಿಕ್ಕಪ್ಪನ ಚಿಹ್ನೆ ಹೊಲಿಗೆ ಮಿಷನ್. ಅದರ ಎದುರು ಗಟ್ಟಿಯಾಗಿ ಬಿದ್ದ ಒಂದು ಮುದ್ರೆ. ಎರಡು ಸಾಲು ಕೆಳಗೆ ಬೇರೆಯವರ ಚೌಕದಲ್ಲಿ ತೆಳುವಾಗಿ ಇನ್ನೊಂದು. ನಮ್ಮದು ಒಂದೇ ಸೀಟಿನ ವಾರ್ಡು. ಎದುರಾಳಿಯ ಏಜೆಂಟ್ ತಕ್ಷಣ ಎದ್ದು ನಿಂತ. "ಸರ್, ಎರಡು ಕಡೆ ಒತ್ತಿದ್ದಾರೆ. ರಿಜೆಕ್ಟ್ ಮಾಡಿ."

ಅಧಿಕಾರಿ ಮಾತಾಡಲಿಲ್ಲ. ಕಾಗದವನ್ನು ಅದರ ಹಳೇ ಮಡಿಕೆಯಲ್ಲೇ ಮಡಚಿದರು, ಬಿಡಿಸಿದರು, ಬೆಳಕಿಗೆ ಹಿಡಿದರು. "ಬಾಣ ನೋಡಿ" ಅಂದರು. "ಇಲ್ಲಿ ಒಂದು ಕಡೆಗೆ ತಿರುಗಿದೆ. ಅಲ್ಲಿ ಉಲ್ಟಾ ಇದೆ. ಅದು ಒತ್ತಿದ್ದಲ್ಲ. ಮಡಚಿದಾಗ ಅಂಟಿದ ಮಸಿ."

ನಾನು ಡಿಟಿಪಿ ಅಂಗಡಿ ಇಟ್ಟುಕೊಂಡವನು. ಲಗ್ನಪತ್ರಿಕೆ, ಕರಪತ್ರ, ಫ್ಲೆಕ್ಸು, ತಿಥಿ ಕಾರ್ಡು ಎಲ್ಲ ಮಾಡಿದ್ದೇನೆ. ಒಂದು ರಬ್ಬರ್ ಸೀಲಿನೊಳಗೆ ಇಷ್ಟು ಬುದ್ಧಿ ಇರಬಹುದು ಅಂತ ಅವತ್ತಿನವರೆಗೂ ಗೊತ್ತಿರಲಿಲ್ಲ. ಸುಮ್ನೆ ಒಂದು ಇಂಟು ಮಾರ್ಕು ಸಾಕಿತ್ತಲ್ವಾ? ಸಾಲದು. ಇಂಟು ಮಾರ್ಕನ್ನು ಕನ್ನಡಿಯಲ್ಲಿ ನೋಡಿದರೂ ಇಂಟು ಮಾರ್ಕೇ. ಯಾವುದು ಒತ್ತಿದ್ದು, ಯಾವುದು ಅಂಟಿದ್ದು ಅಂತ ಹೇಳಲು ಬರುವುದಿಲ್ಲ. ತುದಿ ಬಾಗಿದ ಬಾಣದ ಗುರುತಾದರೆ ಕನ್ನಡಿಯಲ್ಲಿ ತಿರುಗಿ ಕಾಣುತ್ತದೆ. ಆ ಒಂದು ಮತ ಉಳಿದದ್ದು ಯಾರೋ ಎಂದೋ ಸೀಲಿನ ಆಕಾರವನ್ನು ಯೋಚಿಸಿ ಮಾಡಿದ್ದರಿಂದ.

ಉಳಿಯದ ಮತಗಳೂ ಇದ್ದವು. ಹೊಲಿಗೆ ಮಿಷನ್ನಿಗೂ ಒತ್ತಿ, ಕೆಳಗಿನ ಟೈಪ್‌ರೈಟರ್‌ಗೂ ಒತ್ತಿದ ಕಾಗದಗಳು ಕೆಲವು. ಆ ಅಚ್ಚಿನಲ್ಲಿ ಎರಡೂ ಚಿತ್ರ ಕಪ್ಪು ಗುಡ್ಡೆಯ ಹಾಗೆ ಇದ್ದವು. ಮೊದಲು ಒಂದಕ್ಕೆ ಒತ್ತಿ, ಆಮೇಲೆ "ಅಯ್ಯೋ, ಅದಲ್ಲ" ಅಂತ ಇನ್ನೊಂದಕ್ಕೆ ಒತ್ತಿರಬೇಕು. ಅವೆಲ್ಲ ಕುಲಗೆಟ್ಟ ಮತಗಳಾದವು. ಚಿಕ್ಕಪ್ಪ ಬೆರಳೆಣಿಕೆ ಮತದಲ್ಲಿ ಸೋತರು. "ಜನಕ್ಕೆ ವೋಟ್ ಹಾಕೋಕೂ ಬರಲ್ಲ ಕಣೋ" ಅಂದರು, ಬೈಕ್ ಹತ್ತುವಾಗ. ಅವತ್ತು ನಾನೂ ಹೂಂ ಅಂದಿದ್ದೆ. ಈಗ ಅನ್ನಲಾರೆ.

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಚಿವ ಸಂಪುಟ, ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಇವಿಎಂ ಬದಲು ಮತಪತ್ರ ಬಳಸುವಂತೆ ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಲು ನಿರ್ಧರಿಸಿತು. ಆಗಿನಿಂದ ಒಂದೇ ಜಗಳ. ಯಂತ್ರವನ್ನು ನಂಬಬಹುದಾ? ಕಾಗದಕ್ಕೆ ಹೋದರೆ ಹಿಂದಕ್ಕೆ ಹೋದಂತೆ ಆಗುವುದಿಲ್ವಾ? ಟೀವಿಯಲ್ಲಿ ಇದೇ, ಹೋಟೆಲಿನಲ್ಲಿ ಇದೇ. ಆದರೆ ಆ ಕಾಗದ ನೋಡಲು ಹೇಗಿರಬೇಕು ಅಂತ ಮಾತ್ರ ಯಾರೂ ಕೇಳುತ್ತಿಲ್ಲ. ಅಕ್ಷರ ಎಷ್ಟು ದೊಡ್ಡದು? ಚಿತ್ರ ಎಷ್ಟು ಸ್ಪಷ್ಟ? ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಜಾಗ? ಇದೆಲ್ಲ ಪ್ರಿಂಟಿಂಗ್ ಪ್ರೆಸ್ಸಿನವರ ತಲೆನೋವು ಅಂತ ನಾವು ಅಂದುಕೊಂಡಿದ್ದೇವೆ. ಅಲ್ಲ. ಯಾರ ಮತ ಯಾರಿಗೆ ಹೋಗುತ್ತದೆ ಅನ್ನುವುದು ಎಷ್ಟೋ ಸಲ ಅಲ್ಲೇ ತೀರ್ಮಾನವಾಗುತ್ತದೆ.

ಓದು ಬಾರದವರಿಂದ ಮತ ಕೆಡುತ್ತದೆ ಅನ್ನುವವರು ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಗಳನ್ನು ನೋಡಬೇಕು. ಪರಿಷತ್ತಿನ 75 ಸ್ಥಾನಗಳಲ್ಲಿ ಪದವೀಧರರು ಆರಿಸುವುದು 7, ಶಿಕ್ಷಕರು ಆರಿಸುವುದು 7. ಅಲ್ಲಿನ ಮತದಾರರೆಲ್ಲ ಡಿಗ್ರಿ ಮುಗಿಸಿದವರು, ಇಲ್ಲವೇ ಪಾಠ ಹೇಳುವವರು. ಆದರೂ ಎಣಿಕೆಯ ದಿನ ಪದವೀಧರ ಕ್ಷೇತ್ರಗಳಲ್ಲಿ ಸಾವಿರಗಟ್ಟಲೆ ಮತ ತಿರಸ್ಕೃತವಾಗುತ್ತದೆ. ಪೇಪರ್‌ನವರು ಪ್ರತಿ ಸಲ ನಗುತ್ತಾ ಬರೆಯುತ್ತಾರೆ: ಪದವೀಧರರಿಗೇ ಮತ ಹಾಕಲು ಬರಲಿಲ್ಲ.

ನಗುವ ಮೊದಲು ಆ ಕಾಗದದ ಮುಂದೆ ಒಮ್ಮೆ ನಿಲ್ಲಿ. ಚಿಹ್ನೆ ಇಲ್ಲ. ಮುದ್ರೆ ಇಲ್ಲ. ಆಯೋಗದವರು ಕೊಡುವ ನೇರಳೆ ಪೆನ್ನಿನಲ್ಲಿ ಹೆಸರಿನ ಎದುರು 1, 2, 3 ಅಂತ ಪ್ರಾಶಸ್ತ್ಯ ಬರೆಯಬೇಕು. ಕನ್ನಡ ಅಂಕಿಯಲ್ಲಿ ೧ ಅಂತ ಬರೆದರೂ ನಡೆಯುತ್ತದೆ. ಆದರೆ "ಒಂದು" ಅಂತ ಅಕ್ಷರದಲ್ಲಿ ಬರೆದರೆ ಮತ ಹೋಯಿತು. ಟಿಕ್ ಹಾಕಿದರೆ ಹೋಯಿತು. ಸಹಿ ಹಾಕಿದರೆ ಹೋಯಿತು. ನಿಮ್ಮದೇ ಪೆನ್ನು ತೆಗೆದು ಬರೆದರೂ ಹೋಯಿತು. ಬೆಳಗಿನಿಂದ ಸಂಜೆವರೆಗೆ ಉತ್ತರಪತ್ರಿಕೆಗೆ ಟಿಕ್ ಹಾಕುವ ಮೇಷ್ಟ್ರ ಕೈಗೆ ಪೆನ್ನು ಕೊಟ್ಟು, ಖಾಲಿ ಚೌಕ ತೋರಿಸಿದರೆ ಕೈ ಏನು ಮಾಡುತ್ತದೆ? ಟಿಕ್ಕೇ ಹಾಕುತ್ತದೆ. ಹಾಲ್ ಟಿಕೆಟ್‌ನಿಂದ ಹಿಡಿದು ಬ್ಯಾಂಕ್ ಅರ್ಜಿವರೆಗೆ ಎಲ್ಲದರ ಕೊನೆಗೆ ಸಹಿ ಹಾಕಿಸಿಕೊಂಡೇ ಬೆಳೆಸಿದ್ದೇವೆ. ಅಂಥವರ ಕೈಗೆ ಇನ್ನೊಂದು ಫಾರಂ ಕೊಟ್ಟರೆ ಸಹಿ ತಾನಾಗಿ ಬೀಳುತ್ತದೆ. ಕಾಗದ ಒಂದು ಅಭ್ಯಾಸವನ್ನು ಕೆರಳಿಸುತ್ತದೆ, ನಿಯಮ ಆ ಅಭ್ಯಾಸಕ್ಕೇ ದಂಡ ಹಾಕುತ್ತದೆ. ಇದರಲ್ಲಿ ಡಿಗ್ರಿಯ ಪಾತ್ರ ಏನೂ ಇಲ್ಲ.

ನಮ್ಮ ಊರಿನ ಓದು ಬಾರದ ಮುದುಕಿ ಇವಿಎಂನಲ್ಲಿ ಸಲೀಸಾಗಿ ಮತ ಹಾಕಿ ಬರುತ್ತಾಳೆ. ಎಂ.ಎ. ಮಾಡಿದ ಅವಳ ಮೊಮ್ಮಗ ಪರಿಷತ್ ಚುನಾವಣೆಯಲ್ಲಿ ಎಡವುತ್ತಾನೆ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾ?

ಕಾಗದವೊಂದು ಎಷ್ಟು ದೊಡ್ಡ ಅನಾಹುತ ಮಾಡಬಹುದು ಅನ್ನುವುದಕ್ಕೆ ಜಗತ್ತೆಲ್ಲ ಕೊಡುವ ಉದಾಹರಣೆ ಅಮೆರಿಕದ್ದು. 2000ರ ಅಧ್ಯಕ್ಷ ಚುನಾವಣೆ, ಫ್ಲೋರಿಡಾ ರಾಜ್ಯದ ಪಾಮ್ ಬೀಚ್ ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಅಲ್ಲಿನ ಚುನಾವಣಾಧಿಕಾರಿ ಥೆರೆಸಾ ಲೆಪೋರ್. ಆ ಕಡೆ ವಯಸ್ಸಾದವರು ಜಾಸ್ತಿ. ಅವರಿಗೆ ಓದಲು ಅನುಕೂಲವಾಗಲಿ ಅಂತ ಆಕೆ ಅಕ್ಷರ ದೊಡ್ಡದು ಮಾಡಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಅಕ್ಷರ ದೊಡ್ಡದಾದ ಮೇಲೆ ಹತ್ತು ಅಭ್ಯರ್ಥಿಗಳ ಹೆಸರು ಒಂದು ಪುಟದಲ್ಲಿ ಕೂರಲಿಲ್ಲ. ಪುಸ್ತಕ ತೆರೆದಿಟ್ಟ ಹಾಗೆ ಎಡಕ್ಕೂ ಬಲಕ್ಕೂ ಹಂಚಿದರು. ಮತ ಹಾಕಲು ಚುಚ್ಚಬೇಕಾದ ತೂತುಗಳು ಮಾತ್ರ ನಡುವೆ ಒಂದೇ ಸಾಲಿನಲ್ಲಿ. ರೆಕ್ಕೆ ಬಿಚ್ಚಿದ ಚಿಟ್ಟೆಯ ಹಾಗೆ ಕಾಣುತ್ತಿದ್ದುದರಿಂದ ಅದಕ್ಕೆ ಚಿಟ್ಟೆ ಮತಪತ್ರ ಅಂತಲೇ ಹೆಸರಾಯಿತು.

ಎಡಪುಟದಲ್ಲಿ ಮೊದಲ ಹೆಸರು ಜಾರ್ಜ್ ಬುಷ್, ಎರಡನೇದು ಡೆಮಾಕ್ರಟಿಕ್ ಪಕ್ಷದ ಆಲ್ ಗೋರ್. ಎರಡನೇ ಹೆಸರಿನವರಿಗೆ ಮತ ಹಾಕಬೇಕಾದರೆ ನೀವು ಎಷ್ಟನೇ ತೂತು ಚುಚ್ಚುತ್ತೀರಿ? ಎರಡನೇದು. ಆದರೆ ಎರಡನೇ ತೂತು ಬಲಪುಟದ ಮೊದಲ ಹೆಸರಾದ ಪ್ಯಾಟ್ ಬುಕಾನನ್‌ಗೆ ಸೇರಿದ್ದು. ಗೋರ್‌ಗೆ ಮೂರನೇದು. ಆ ಕೌಂಟಿಯಲ್ಲಿ ಬುಕಾನನ್‌ಗೆ 3,407 ಮತ ಬಿತ್ತು. ಡೆಮಾಕ್ರಟಿಕ್ ಪಕ್ಷದ ಹಿರಿಯರು ತುಂಬಿದ ಊರುಗಳವು; ಕಟ್ಟಾ ಬಲಪಂಥದ ಬುಕಾನನ್‌ಗೆ ಅಷ್ಟು ಮತ ಸಿಗುವುದೇ ವಿಚಿತ್ರ. ಎರಡೆರಡು ತೂತು ಚುಚ್ಚಿ ಕೆಟ್ಟ ಮತಗಳು 19,000ಕ್ಕೂ ಹೆಚ್ಚು. ಇಡೀ ಫ್ಲೋರಿಡಾದಲ್ಲಿ ಬುಷ್ ಗೆದ್ದದ್ದು 537 ಮತದಿಂದ. ಫ್ಲೋರಿಡಾ ಗೆದ್ದವರು ಶ್ವೇತಭವನಕ್ಕೆ. ಮುಂದೆ ಆ ನಾಲ್ಕು ವರ್ಷಗಳಲ್ಲಿ ಏನೇನಾಯಿತು ಅನ್ನುವುದು ಗೊತ್ತೇ ಇದೆ.

ನನ್ನ ಕಸುಬಿನವರು ಈ ಕಥೆಯನ್ನು ಎರಡು ಸಲ ಓದಬೇಕು. ಲೆಪೋರ್ ಕಳ್ಳಾಟ ಆಡಲಿಲ್ಲ. ನಾವು ದಿನಾ ಮಾಡುವುದನ್ನೇ ಮಾಡಿದರು. ಗಿರಾಕಿ "ಅಕ್ಷರ ದೊಡ್ಡದು ಮಾಡಿ" ಅಂತಾರೆ, ನಾವು ಮಾಡುತ್ತೇವೆ. ಅದರಿಂದ ಮುಹೂರ್ತದ ಸಾಲು ಎಲ್ಲಿಗೆ ಜಾರಿತು ಅಂತ ನೋಡುವುದಿಲ್ಲ. ಲಗ್ನಪತ್ರಿಕೆಯಾದರೆ ಫೋನ್ ಮಾಡಿ ಕೇಳಿಕೊಳ್ಳುತ್ತಾರೆ. ಮತಗಟ್ಟೆಯ ಮರೆಯಲ್ಲಿ ನಿಂತವರು ಯಾರನ್ನು ಕೇಳಬೇಕು? ಅಲ್ಲಿ ಇರುವುದು ಅವರು ಮತ್ತು ಆ ಕಾಗದ, ಇಬ್ಬರೇ. ಉಳಿದ ಯಾವ ಸರ್ಕಾರಿ ಕಾಗದಕ್ಕೂ ಈ ಕಷ್ಟ ಇಲ್ಲ. ಪಹಣಿ ಅರ್ಥವಾಗದಿದ್ದರೆ ಪಕ್ಕದಲ್ಲಿ ನಿಂತವರಿಗೆ ತೋರಿಸಬಹುದು. ಮತಪತ್ರ ತೋರಿಸುವ ಹಾಗಿಲ್ಲ.

ಅದೇ ಫ್ಲೋರಿಡಾ 2018ರಲ್ಲಿ ಮತ್ತೆ ಎಡವಿತು. ಬ್ರೋವರ್ಡ್ ಕೌಂಟಿಯ ಮತಪತ್ರದಲ್ಲಿ ಎಡಗಡೆ ಉದ್ದಕ್ಕೆ ಮೂರು ಭಾಷೆಗಳಲ್ಲಿ ಸೂಚನೆಗಳು. ಅಮೆರಿಕದ ಮೇಲ್ಮನೆಯಾದ ಸೆನೆಟ್ ಸ್ಥಾನದ ಹೆಸರುಗಳು ಆ ಸೂಚನೆಗಳ ಅಡಿಯಲ್ಲಿ, ಮೂಲೆಯಲ್ಲಿ. ಸೂಚನೆಯನ್ನು ಯಾರು ಓದುತ್ತಾರೆ? ಕಣ್ಣು ನೇರ ಮುಂದಿನ ಕಾಲಂಗೆ ಹೋಯಿತು. ಸಾವಿರಾರು ಜನ ಉಳಿದದ್ದಕ್ಕೆಲ್ಲ ಮತ ಹಾಕಿ ಸೆನೆಟ್ ಸ್ಥಾನವನ್ನು ಖಾಲಿ ಬಿಟ್ಟು ಬಂದರು. ರಾಜ್ಯದಲ್ಲಿ ಗೆಲುವಿನ ಅಂತರ ಸುಮಾರು 10,000 ಮತ. ಎರಡು ಮೂರು ಭಾಷೆಯಲ್ಲಿ ಅಚ್ಚು ಹಾಕುವ ನಮ್ಮ ಗಡಿ ತಾಲ್ಲೂಕುಗಳವರು ಇದನ್ನು ನೆನಪಿಡಬೇಕು.

ನಾವು ಅವರಿಗಿಂತ ದಡ್ಡರಾಗಿರಲಿಲ್ಲ. ಹೇಳಬೇಕೆಂದರೆ ನಮ್ಮ ಮೊದಲ ಚುನಾವಣೆಯೇ ಒಂದು ದೊಡ್ಡ ವಿನ್ಯಾಸದ ಪ್ರಯೋಗ. 1951–52ರಲ್ಲಿ ಮತದಾರರು 17 ಕೋಟಿಗೂ ಹೆಚ್ಚು, ಅವರಲ್ಲಿ ಹೆಚ್ಚಿನವರಿಗೆ ಅಕ್ಷರ ಗೊತ್ತಿರಲಿಲ್ಲ. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಮತ್ತು ಅವರ ಜತೆಯವರು ಕಂಡುಕೊಂಡ ದಾರಿ ಎಷ್ಟು ಸರಳ ನೋಡಿ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಮತದಾರ ಓದಬೇಕಾಗಿಲ್ಲ, ಬರೆಯಬೇಕಾಗಿಲ್ಲ, ಗುರುತು ಹಾಕಬೇಕಾಗಿಲ್ಲ. ತನಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿದರೆ ಮುಗಿಯಿತು. ಲಕ್ಷಗಟ್ಟಲೆ ಉಕ್ಕಿನ ಪೆಟ್ಟಿಗೆ ಬೇಕಾದವು, ಅದು ಬೇರೆ ಮಾತು. 1960–61ರಲ್ಲಿ ಕೇರಳ, ಒಡಿಶಾದ ಮಧ್ಯಂತರ ಚುನಾವಣೆಗಳಲ್ಲಿ ಒಂದೇ ಕಾಗದದ ಮೇಲೆ ಗುರುತು ಹಾಕುವ ಕ್ರಮ ಬಂತು, 1962ರಲ್ಲಿ ದೇಶಕ್ಕೆಲ್ಲ ಹಬ್ಬಿತು. ಮೈಸೂರಿನ ಶಾಯಿ ಬೆರಳಿಗೆ ಬಿದ್ದದ್ದೂ ಅದೇ ವರ್ಷ.

ಆಮೇಲೆ ಬಂದ ಇವಿಎಂ. ಅದರ ಸುರಕ್ಷತೆ ಬಗ್ಗೆ ವಾದ ಮಾಡುವವರು ಮಾಡಲಿ, ನಾನು ಹೊರಮೈ ಬಗ್ಗೆ ಮಾತ್ರ ಹೇಳುತ್ತೇನೆ. ಐಐಟಿ ಬಾಂಬೆಯ ವಿನ್ಯಾಸ ವಿಭಾಗದ ಎ.ಜಿ. ರಾವ್ ಮತ್ತು ರವಿ ಪೂವಯ್ಯ ಇದರ ರೂಪ ಕೊಟ್ಟವರು. ಒಂದು ಯೂನಿಟ್‌ನಲ್ಲಿ 16 ಸಾಲು. ಪ್ರತಿ ಸಾಲಿಗೆ ಒಂದು ನೀಲಿ ಗುಂಡಿ, ಒಂದು ಕೆಂಪು ದೀಪ. ಹತ್ತೇ ಜನ ನಿಂತಿದ್ದರೆ ಬೇಡದ ಗುಂಡಿಗಳು ಮುಚ್ಚಿರುತ್ತವೆ. ಗುಂಡಿ ಪಕ್ಕ ಬ್ರೈಲ್ ಅಂಕಿ. ಒತ್ತಿದರೆ ದೀಪ ಉರಿಯುತ್ತದೆ, ಬೀಪ್ ಅನ್ನುತ್ತದೆ. ಪಕ್ಕದ ವಿವಿಪ್ಯಾಟ್ ಯಂತ್ರದ ಗಾಜಿನಲ್ಲಿ 7 ಸೆಕೆಂಡ್ ನಿಮ್ಮ ಮತದ ಚೀಟಿ ಕಾಣುತ್ತದೆ. ಕಣ್ಣಿಗೂ ಕಿವಿಗೂ ಬೆರಳಿಗೂ ಉತ್ತರ ಸಿಗುತ್ತದೆ. ಮುಖ್ಯವಾಗಿ, ಎರಡು ಗುಂಡಿ ಒತ್ತಿ ಮತ ಕೆಡಿಸಲು ಅದು ಬಿಡುವುದೇ ಇಲ್ಲ. ಇವಿಎಂ ಬಂದ ಮೇಲೆ ಕುಲಗೆಟ್ಟ ಮತ ಅನ್ನುವ ಮಾತೇ ಬೂತ್‌ಗಳಿಂದ ಮರೆಯಾಯಿತು. ಕಾಗದಕ್ಕೆ ವಾಪಸ್ ಹೋಗೋಣ ಅನ್ನುವವರು ಈ ಒಂದು ನಷ್ಟವನ್ನು ಲೆಕ್ಕಕ್ಕೆ ಹಿಡಿದಿದ್ದಾರಾ ಅಂತ ನನಗೆ ಅನುಮಾನ.

ಯಂತ್ರಕ್ಕೂ ಮಿತಿ ಉಂಟು. ಜನ ಜಾಸ್ತಿ ನಿಂತರೆ ಯಾವ ವಿನ್ಯಾಸವೂ ಸುಸ್ತಾಗುತ್ತದೆ. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೆ 456 ಜನ ನಿಂತಿದ್ದರು. ಆಗ ಇನ್ನೂ ಕಾಗದ. ಪೇಪರ್ ಹಾಳೆ ಹರಡಿದ ಹಾಗೆ ಮತಪತ್ರ ಹರಡಿಕೊಂಡು ನಮ್ಮವರನ್ನು ಹುಡುಕಬೇಕು! ಅದೇ ವರ್ಷ ಲೋಕಸಭೆಯ ಠೇವಣಿ 500 ರೂಪಾಯಿಯಿಂದ 10,000ಕ್ಕೆ ಏರಿದ್ದು ಸುಮ್ನೆ ಅಲ್ಲ. 2019ರಲ್ಲಿ ತೆಲಂಗಾಣದ ನಿಜಾಮಾಬಾದ್‌ನಲ್ಲಿ 185 ಅಭ್ಯರ್ಥಿಗಳು, ಹೆಚ್ಚಿನವರು ಪ್ರತಿಭಟನೆಗೆ ನಿಂತ ರೈತರು. ಅಲ್ಲಿ 12 ಯೂನಿಟ್‌ಗಳನ್ನು ಸಾಲಾಗಿ ಜೋಡಿಸಿದರು.

ಅದೇ 2019ರಲ್ಲಿ ನಮ್ಮ ಮಂಡ್ಯ. ಅಭ್ಯರ್ಥಿಗಳು 22, ಎರಡು ಯೂನಿಟ್. ಪಕ್ಷೇತರರಾಗಿ ನಿಂತಿದ್ದ ಸುಮಲತಾ ಅಂಬರೀಶ್ ಜತೆಗೆ ಇನ್ನೂ ಮೂವರು ಸುಮಲತಾ ಕಣದಲ್ಲಿದ್ದರು. ಹೆಸರು ಜೋಡಿಸುವ ನಿಯಮ ಹೀಗಿದೆ: ಮೊದಲು ಮಾನ್ಯತೆ ಪಡೆದ ಪಕ್ಷಗಳವರು, ಆಮೇಲೆ ನೋಂದಾಯಿತ ಸಣ್ಣ ಪಕ್ಷಗಳು, ಕೊನೆಗೆ ಪಕ್ಷೇತರರು. ಒಂದೊಂದು ಗುಂಪಿನೊಳಗೆ ಅಕಾರಾದಿ. ಹೀಗಾಗಿ "ಸು" ಇಂದ ಶುರುವಾಗುವ ಪಕ್ಷೇತರರೆಲ್ಲ ತಳದಲ್ಲಿ ಒಟ್ಟಿಗೆ ಸಾಲುಗಟ್ಟಿದರು. ಸುಮಲತಾ ಅಂಬರೀಶ್ ಒಂದೂಕಾಲು ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ದದ್ದರಿಂದ ಗೊಂದಲ ಲೆಕ್ಕಕ್ಕೆ ಬರಲಿಲ್ಲ. ಊರೂರಲ್ಲೂ "ಕಹಳೆ ಊದೋ ರೈತ" ಅಂತ ಚಿಹ್ನೆಯನ್ನೇ ಬಾಯಿಪಾಠ ಮಾಡಿಸಿದ್ದರು.

ಎಲ್ಲರಿಗೂ ಅಷ್ಟು ಅಂತರ ಸಿಗುವುದಿಲ್ಲ. ಗಡಿಯಾಚೆ ಮಂಜೇಶ್ವರ ನೋಡಿ, ಕನ್ನಡದವರೂ ಇರುವ ಕ್ಷೇತ್ರ. 2016ರ ಕೇರಳ ವಿಧಾನಸಭೆ ಚುನಾವಣೆಯಲ್ಲಿ ಬಿಜೆಪಿಯ ಕೆ. ಸುರೇಂದ್ರನ್ ಸೋತದ್ದು 89 ಮತದಿಂದ. ಕೆ. ಸುಂದರ ಅನ್ನುವ ಇನ್ನೊಬ್ಬ ಅಭ್ಯರ್ಥಿಗೆ 467 ಮತ ಬಿದ್ದಿತ್ತು. ಅದರಲ್ಲಿ ಬೇಕೆಂದೇ ಹಾಕಿದವರೂ ಇದ್ದಾರು. ಆದರೆ "ಕೆ. ಸು" ನೋಡಿ ಬೆರಳು ಇಟ್ಟವರು ನೂರು ಜನ ಇದ್ದರೂ ಸಾಕಿತ್ತು. ಹೀಗೆ ಆಗಬಾರದು ಅಂತಲೇ 2015ರಿಂದ ಯಂತ್ರದ ಮೇಲೆ ಅಭ್ಯರ್ಥಿಯ ಫೋಟೊ ಹಾಕುತ್ತಿದ್ದರು. ಅಂಚೆಚೀಟಿ ಗಾತ್ರದ್ದು, ಕಪ್ಪು ಬಿಳುಪು. ಮಸುಕು ಬೆಳಕಿನ ಶಾಲಾ ಕೊಠಡಿಯಲ್ಲಿ ಅದು ಮೀಸೆ ಇರುವ ಯಾರ ಮುಖವೂ ಆಗಬಹುದು.

ಇದನ್ನು ಕೇಂದ್ರ ಚುನಾವಣಾ ಆಯೋಗವೂ ಒಪ್ಪಿದಂತಿದೆ. 2025ರ ಸೆಪ್ಟೆಂಬರ್‌ನಲ್ಲಿ ಇವಿಎಂ ಮೇಲಿನ ಮತಪತ್ರದ ನಿಯಮ ಬದಲಾಯಿತು, ಬಿಹಾರದಿಂದ ಶುರು. ಫೋಟೊ ಬಣ್ಣದ್ದು. ಫೋಟೊದ ಜಾಗದಲ್ಲಿ ಮುಕ್ಕಾಲು ಭಾಗ ಮುಖವೇ ಇರಬೇಕು. ಕ್ರಮಸಂಖ್ಯೆ 30ರ ಗಾತ್ರದಲ್ಲಿ, ದಪ್ಪ ಅಕ್ಷರದಲ್ಲಿ. ಎಲ್ಲರ ಹೆಸರೂ, ನೋಟಾ ಕೂಡ, ಒಂದೇ ಫಾಂಟು, ಒಂದೇ ಗಾತ್ರ. ಕಾಗದ 70 ಜಿಎಸ್ಎಂ ತೂಕದ್ದು, ವಿಧಾನಸಭೆಗೆ ಗುಲಾಬಿ ಬಣ್ಣ, ಆ ಗುಲಾಬಿಯೂ ಇಂಥದ್ದೇ ಅಂತ ಅಳತೆ ಕೊಟ್ಟಿದ್ದಾರೆ. ಮುಖ ಮುಕ್ಕಾಲು ಭಾಗ ಅನ್ನುವುದು ನನಗೆ ತುಂಬ ಹಿಡಿಸಿತು. ನಮ್ಮ ಅಂಗಡಿಗೆ ಬರುವ ಪುಢಾರಿಗಳೆಲ್ಲ ಕೈ ಮುಗಿದುಕೊಂಡು ಸೊಂಟದವರೆಗೆ ನಿಂತ ಫೋಟೊನೇ ತರುತ್ತಾರೆ. ಅದನ್ನು ಅಂಚೆಚೀಟಿಗೆ ಇಳಿಸಿದರೆ ಉಳಿಯುವುದು ಶಾಲು ಮಾತ್ರ. ಬಣ್ಣದ ಫೋಟೊದಿಂದ ಸಿನಿಮಾದವರಿಗೆ ಲಾಭ ಅಂತ ಗೊಣಗುವವರಿದ್ದಾರೆ. ಇರಬಹುದು. ಅವರ ಮುಖ ಮೊದಲೇ ಗೋಡೆ ತುಂಬ ಇತ್ತಲ್ಲ!

ಆದರೆ ಆ ನಿಯಮದಲ್ಲಿ ಒಂದು ಕೊಂಡಿ ಸಡಿಲ ಇದೆ. ಕ್ರಮಸಂಖ್ಯೆಗೆ 30 ಅಂತ ಅಳತೆ ಇದೆ. ಹೆಸರಿಗೆ ಮಾತ್ರ "ಸುಲಭವಾಗಿ ಓದುವಷ್ಟು ದೊಡ್ಡದು" ಅಂತ ಇದೆ. ಯಾರಿಗೆ ಸುಲಭ? ಯಾವ ಲಿಪಿಯಲ್ಲಿ? ಇಂಗ್ಲಿಷ್ ಅಕ್ಷರಕ್ಕೆ ಕೆಳಗೆ ಒತ್ತು ಇಲ್ಲ. ಕನ್ನಡಕ್ಕೆ ಇದೆ, ಒಮ್ಮೊಮ್ಮೆ ಒತ್ತಿನ ಮೇಲೆ ಒತ್ತು. ಆ ಒತ್ತಿಗೆ ಕೆಳಗೆ ಜಾಗ ಬಿಡಬೇಕಾದ್ದರಿಂದ ಒಂದೇ ಸೈಜ್ ಕೊಟ್ಟರೂ ಕನ್ನಡದ ಅಕ್ಷರದ ಮೈ ಚಿಕ್ಕದಾಗಿ ಕಾಣುತ್ತದೆ. "ರಾಮ" ಅಂತ ಹೆಸರಿದ್ದವನಿಗೆ ತೊಂದರೆ ಇಲ್ಲ. "ಕೃಷ್ಣಪ್ಪ" ಅಂತ ಬಂದರೆ ವಟ್ರಸುಳಿ, ಣ ಒತ್ತು, ಪ ಒತ್ತು ಮೂರೂ ಕೆಳಗಿನ ಗೆರೆಗೆ ತಾಗುತ್ತವೆ. ಇವಿಎಂನ ಸಾಲು ಮೊದಲೇ ಕಿರಿದು. ಪ್ರೆಸ್ಸಿನವನು ಏನು ಮಾಡುತ್ತಾನೆ? ನಾನಾದರೂ ಅದನ್ನೇ ಮಾಡುತ್ತೇನೆ, ಇಡೀ ಹೆಸರನ್ನು ಒಂದು ಸೈಜ್ ಇಳಿಸುತ್ತೇನೆ. ಎಲ್ಲರ ಹೆಸರೂ ಒಂದೇ ಗಾತ್ರ ಇರಬೇಕಾದ್ದರಿಂದ ಒಬ್ಬ ಕೃಷ್ಣಪ್ಪನಿಗೋಸ್ಕರ ಎಲ್ಲರೂ ಚಿಕ್ಕದಾಗುತ್ತಾರೆ.

ಇನ್ನೊಂದು ನಮ್ಮ ಕಸುಬಿನ ಗುಟ್ಟು. ಎಷ್ಟೋ ಕಡೆ ಇನ್ನೂ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಯೂನಿಕೋಡ್‌ಗೆ ಬದಲಾಯಿಸುತ್ತಾರೆ. ಬದಲಾಯಿಸುವಾಗ ಅರ್ಕಾವೊತ್ತು ಒಂದು ಅಕ್ಷರ ಆಚೆ ಹಾರುತ್ತದೆ, ದೀರ್ಘ ಬಿದ್ದುಹೋಗುತ್ತದೆ. ಮತದಾರರ ಪಟ್ಟಿಯಲ್ಲಿ ನಿಮ್ಮ ಅಪ್ಪನ ಹೆಸರು ವಿಚಿತ್ರವಾಗಿ ಕಂಡಿದ್ದರೆ ಕಾರಣ ಇದೂ ಆಗಿರಬಹುದು, ಗುಮಾಸ್ತನಿಗೆ ಕನ್ನಡ ಬಾರದ್ದಲ್ಲ.

ಅಕ್ಷರದ ಕಥೆ ಹೀಗಾದರೆ ಚಿಹ್ನೆಯ ಕಥೆ ಇನ್ನೂ ಸೂಕ್ಷ್ಮ. ಪಕ್ಷೇತರರಿಗೆ ಸಿಗುವ ಆಟೋ, ಬ್ಯಾಟು, ಕುಕ್ಕರು ಮುಂತಾದ ಚಿತ್ರಗಳಲ್ಲಿ ಎಷ್ಟೋ ಚುನಾವಣಾ ಆಯೋಗದ ಡ್ರಾಫ್ಟ್ಸ್‌ಮನ್ ಎಂ.ಎಸ್. ಸೇಠಿ ಪೆನ್ಸಿಲಿನಲ್ಲಿ ಬಿಡಿಸಿದವು. ಅವರು ನಿವೃತ್ತರಾದದ್ದು 1992ರಲ್ಲಿ. ಹಳ್ಳಿಯವರಿಗೂ ಪೇಟೆಯವರಿಗೂ ಗೊತ್ತಿರುವ ಸಾಮಾನು, ಒಂದೇ ನೋಟಕ್ಕೆ ತಿಳಿಯಬೇಕು, ಇದು ಲೆಕ್ಕ. ಆದರೆ ಕಾಲ ಬದಲಾಯಿತು. ಇವತ್ತು ಹದಿನೆಂಟು ತುಂಬಿದ ಹುಡುಗಿಗೆ ಟೈಪ್‌ರೈಟರ್ ಅಂದರೆ ಏನು?

ಚಿಹ್ನೆ ಸ್ಪಷ್ಟವಾಗಿದ್ದರೂ ಅದರ ಹೆಸರು ಕೈ ಕೊಡಬಹುದು. 2024ರ ಲೋಕಸಭಾ ಚುನಾವಣೆಯಲ್ಲಿ ಶರದ್ ಪವಾರ್ ಬಣದ ಎನ್‌ಸಿಪಿಗೆ ಸಿಕ್ಕಿದ್ದು ತುತಾರಿ ಊದುತ್ತಿರುವ ಮನುಷ್ಯ, ನಮ್ಮ ಮಂಡ್ಯದ ಕಹಳೆಯ ಅಣ್ಣತಮ್ಮ. ಕೆಲವು ಪಕ್ಷೇತರರಿಗೆ ಬರೀ ಟ್ರಂಪೆಟ್ ಸಿಕ್ಕಿತು, ಮರಾಠಿ ಪಟ್ಟಿಯಲ್ಲಿ ಅದಕ್ಕೂ ತುತಾರಿ ಅಂತಲೇ ಹೆಸರು. ಸಾತಾರಾದಲ್ಲಿ ಪವಾರ್ ಬಣದವರು ಸುಮಾರು 32,000 ಮತದಿಂದ ಸೋತರು. ಟ್ರಂಪೆಟ್ ಹಿಡಿದ ಪಕ್ಷೇತರನಿಗೆ ಸುಮಾರು 37,000 ಮತ. ದಿಂಡೋರಿಯಲ್ಲಿ ಇಂಥ ಒಬ್ಬರಿಗೆ ಲಕ್ಷಕ್ಕೂ ಮೀರಿ ಬಿತ್ತು, ಪವಾರ್ ಬಣದವರು ಅಷ್ಟಾದರೂ ಗೆದ್ದರು. ಕಾರ್ಯಕರ್ತರು ತಿಂಗಳುಗಟ್ಟಲೆ "ತುತಾರಿ, ತುತಾರಿ" ಅಂತ ಕೂಗಿದ್ದರು. ಜನ ಹೇಳಿದ ಮಾತು ಕೇಳಿದರು, ಅಷ್ಟೇ.

ಇಷ್ಟೆಲ್ಲ ಬೂತ್ ಒಳಗಿನ ಮಾತು. ಅಲ್ಲಿಗೆ ತಲುಪುವ ಮೊದಲೇ ಸೋಲುವವರಿದ್ದಾರೆ. ಮನೆಗೆ ಬರುವ ಮತದಾರರ ಚೀಟಿ ತೆಗೆದು ನೋಡಿ. ಬೂತ್‌ನ ಬಾಗಿಲಲ್ಲಿ ಬೇಕಾಗುವುದು ಎರಡೇ ಅಂಕಿ: ಭಾಗ ಸಂಖ್ಯೆ, ಕ್ರಮ ಸಂಖ್ಯೆ. ಆ ಎರಡನ್ನೂ ಹುಡುಕಲು ಕನ್ನಡಕ ಬೇಕು. ಕ್ಷೇತ್ರದ ಹೆಸರು, ಗುರುತಿನ ಚೀಟಿಯ ಎಪಿಕ್ ನಂಬರು, ಸೂಚನೆಗಳು ಎಲ್ಲ ಒಂದೇ ಗಾತ್ರದಲ್ಲಿ ಒತ್ತಿಕೊಂಡಿರುತ್ತವೆ. ಹೊರಗೆ ಮೇಜು ಹಾಕಿಕೊಂಡ ಪಕ್ಷದ ಹುಡುಗರು ಆ ಎರಡು ಅಂಕಿಯನ್ನು ಸಣ್ಣ ಬಿಳಿ ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೊಡುತ್ತಾರೆ. ನನ್ನನ್ನು ಕೇಳಿದರೆ ಒಳ್ಳೆಯ ವಿನ್ಯಾಸ ಅದೇ! ಆಯೋಗ ಕೂಡ 2025ರ ಮೇ ತಿಂಗಳಲ್ಲಿ, ಈ ಎರಡು ಅಂಕಿಗಳನ್ನು ಚೀಟಿಯಲ್ಲಿ ದೊಡ್ಡದಾಗಿ ಕಾಣುವಂತೆ ಮಾಡುತ್ತೇವೆ ಅಂತ ಹೇಳಿತು. ಹುಡುಗರಿಂದ ಕಲಿತದ್ದಾದರೂ ಸರಿ.

ಪಾಮ್ ಬೀಚ್ ಆದಮೇಲೆ ಅಮೆರಿಕದ ಗ್ರಾಫಿಕ್ ಡಿಸೈನರ್‌ಗಳ ಸಂಘ ಎಐಜಿಎ, ಡಿಸೈನ್ ಫಾರ್ ಡೆಮಾಕ್ರಸಿ ಹೆಸರಿನಲ್ಲಿ ಮತಪತ್ರದ ಕೆಲಸಕ್ಕೆ ಕೈ ಹಾಕಿತು. ಷಿಕಾಗೋದ ಪ್ರಾಧ್ಯಾಪಕಿ ಮಾರ್ಷಿಯಾ ಲಾಸೆನ್ ಕುಕ್ ಕೌಂಟಿಯ ಮತಪತ್ರಗಳನ್ನು ಹೊಸದಾಗಿ ಜೋಡಿಸಿದರು. 2007ರಲ್ಲಿ ಅಲ್ಲಿನ ಚುನಾವಣಾ ನೆರವು ಆಯೋಗವೂ ಮಾದರಿಗಳನ್ನು ಹೊರತಂದಿತು. ಅವರ ಸಲಹೆಗಳು ಕೇಳಿದರೆ ಸಪ್ಪೆ ಅನಿಸುತ್ತವೆ. ಒಂದೇ ಫಾಂಟ್ ಬಳಸಿ, ಎಡಕ್ಕೆ ಜೋಡಿಸಿ, ಸೂಚನೆಯನ್ನು ಬೇಕಾದ ಜಾಗದಲ್ಲೇ ಕೊಡಿ. ಯಾವ ಡಿಟಿಪಿ ಹುಡುಗನಿಗೂ ಗೊತ್ತಿರುವ ವಿಷಯ. ಗೊತ್ತಿಲ್ಲದ್ದು ಒಂದೇ: ಅಚ್ಚಿಗೆ ಕಳಿಸುವ ಮೊದಲು ನಿಜವಾದ ಮತದಾರರ ಕೈಗೆ ಕೊಟ್ಟು, ಬಾಯಿ ಮುಚ್ಚಿಕೊಂಡು ನೋಡಬೇಕು.

ನಮ್ಮಲ್ಲಿ ಮತಪತ್ರದ ಕರಡನ್ನು ತಿದ್ದುವವರು ಅಧಿಕಾರಿಗಳು. ಅವರು ನೋಡುವುದು ಕಾಗುಣಿತ ಸರಿ ಇದೆಯಾ, ಕ್ರಮ ಸರಿ ಇದೆಯಾ ಅಂತ. ನೋಡಬೇಕಾದ್ದೇ. ಆದರೆ ಅವರಿಗೆ ಉತ್ತರ ಮೊದಲೇ ಗೊತ್ತು, ಆದ್ದರಿಂದ ಗೊಂದಲ ಅವರ ಕಣ್ಣಿಗೆ ಬೀಳುವುದಿಲ್ಲ. ಮಾದರಿ ಮತಪತ್ರವನ್ನು ಒಂದು ದಿನ ಸಂತೆಗೆ ತೆಗೆದುಕೊಂಡು ಹೋಗಿ, ಈರುಳ್ಳಿ ಮಾರುವವರು, ಬಸ್ಸಿಗೆ ಕಾಯುವವರು, ಕಣ್ಣಿಗೆ ಪೊರೆ ಬಂದವರು, ಹೀಗೆ ಹತ್ತು ಜನಕ್ಕೆ ಕೊಟ್ಟು "ಮೂರನೆಯವರಿಗೆ ಒತ್ತಿ" ಅನ್ನಲಿ. ಎಲ್ಲಿ ಕೈ ನಿಲ್ಲುತ್ತದೆ, ಎಲ್ಲಿ ತಡವರಿಸುತ್ತದೆ ಅಂತ ಒಂದೇ ಗಂಟೆಯಲ್ಲಿ ಗೊತ್ತಾಗುತ್ತದೆ. ಅಭ್ಯರ್ಥಿಗಳ ಹೆಸರು ಅಂತಿಮವಾಗುವವರೆಗೆ ಕಾಯಬೇಕಾಗಿಲ್ಲ, ಸುಳ್ಳು ಹೆಸರು ಹಾಕಿಯೇ ನೋಡಬಹುದು. ಪರಿಷತ್ತಿನ ಮತಪತ್ರವನ್ನಂತೂ ಒಂದು ಸ್ಟಾಫ್‌ರೂಮಿಗೆ ಕೊಟ್ಟರೆ ಸಾಕು.

ಚಿಕ್ಕಪ್ಪ ಮುಂದಿನ ಪಂಚಾಯ್ತಿಗೂ ನಿಲ್ಲುತ್ತೇನೆ ಅಂತಿದ್ದಾರೆ. ಹೋದ ತಿಂಗಳು ಹಳೇ ಚಿಹ್ನೆಗಳ ಪಟ್ಟಿ ಹಿಡಿದುಕೊಂಡು ಅಂಗಡಿಗೆ ಬಂದರು. "ಇದನ್ನ ಮತಪತ್ರದಲ್ಲಿ ಬರೋ ಸೈಜಿಗೆ ಇಳಿಸಿ ಜೆರಾಕ್ಸ್ ಮಾಡು. ಟೋನರ್ ಕಮ್ಮಿ ಇರೋ ಮಿಷನ್ನಲ್ಲೇ ಮಾಡು" ಅಂದರು. ಮಾಡಿಕೊಟ್ಟೆ. ಸಂಜೆ ಮನೆಗೆ ಹೋದಾಗ ಅಜ್ಜಿ ಜಗಲಿ ಮೇಲೆ ಕೂತಿದ್ದರು, ಕನ್ನಡಕ ಇಲ್ಲದೆ. ಚಿಕ್ಕಪ್ಪ ಒಂದೊಂದೇ ಚಿತ್ರಕ್ಕೆ ಬೆರಳಿಟ್ಟು "ಇದೇನವ್ವ?" ಅಂತ ಕೇಳುತ್ತಿದ್ದರು.

"ಕುಕ್ಕರ್."

"ಇದು?"

"ಆಟೋ ಅಲ್ವೇನೋ."

"ಇದು?"

ಅಜ್ಜಿ ಕಾಗದವನ್ನು ಹತ್ತಿರ ತಂದರು, ದೂರ ಹಿಡಿದರು. "ಯಾವುದೋ ನಾಯಿ ಕೂತದೆ" ಅಂದರು.

ಅದು ಹೊಲಿಗೆ ಮಿಷನ್. ಚಿಕ್ಕಪ್ಪ ನನ್ನ ಮುಖ ನೋಡಲಿಲ್ಲ. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಅದರ ಮೇಲೆ ಗೆರೆ ಎಳೆದರು.